ಗುತ್ತೆಪ್ಪನ ಹೆಗಲು

ಅಬಲೂರಿನ ಗುತ್ತೆಪ್ಪ ನನ್ನ ಅಕ್ಕನ ಗಂಡ, ನನಗೆ ಮಾವ. ಮಗಳು ಸಿಡುಬಿನಿಂದ ಬದುಕುಳಿದಾಗ, ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತೇನೆಂದು ಹರಕೆ ಹೊತ್ತಿದ್ದ. ಕಂಬಿಯೆಂದರೆ ದೇವರ ಹೆಸರಲ್ಲಿ ಸಿಂಗರಿಸಿದ ಬಿದಿರು; ಅದು ಹೆಗಲಿಂದ ಹೆಗಲಿಗೆ ಸಾಗಬೇಕು, ನೆಲಕ್ಕೆ ತಾಗಬಾರದು. ೧೯೩೮ರ ಮಾಘದಲ್ಲಿ ಯಾತ್ರೆಯ ಹಿರಿಯರಾದ ಪರಮೇಶಪ್ಪನವರು, ಮೊದಲು ಪರೀಕ್ಷೆಗೆಂದು ನೀರಿನ ಕೊಡ ಕಟ್ಟಿದ ಬಿದಿರು ಹೊರಿಸಿ ಅವನನ್ನು ಊರ ಗುಡ್ಡ ಹತ್ತಿಸಿದರು; ಜೊತೆಗೆ ನಾನೂ ಹೋದೆ. ಕೆಳಗಿಟ್ಟರೆ ಯಾತ್ರೆಯಿಲ್ಲ.

ಇಳಿಯುವಾಗ ಕಲ್ಲು ಜಾರಿ ಮಾವ ಮೊಣಕಾಲೂರಿ ಬಿದ್ದ. ರಕ್ತ ಸುರಿಯಿತು. ಬಿದಿರು ಹೆಗಲ ಮೇಲೇ ಇತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇಳಸ ಮಾವಾ! ಕಾಲು ಮುರಕೊಂಡು ಮಲ್ಲಯ್ಯನ್ನ ಹೆಂಗ ನೋಡ್ತಿ?"

"ಬೈಯೋದು ಬಿಟ್ಟು ಹೆಗಲು ಕೊಡು."

ಕೊಟ್ಟೆ. ಮಾವ ಧೋತರದ ಚುಂಗು ಹರಿದು ಗಾಯಕ್ಕೆ ಕಟ್ಟಿ, ಎದ್ದು ಹೆಗಲು ಚಾಚಿದ. ನಾನು ಹಿರಿಯರ ಮುಖ ನೋಡಿದೆ.

"ನೆಲಕ್ಕ ತಾಗಿಲ್ಲ, ಕೊಡು ಅವಗ," ಅಂದರು ಪರಮೇಶಪ್ಪನವರು. "ನೀನೂ ಬಾ. ದಾರ್‍ಯಾಗ ಬೈಯಾಕ ಒಬ್ಬ ಬೇಕು."