ನಾಲ್ಕನೆಯ ಮಗ್ಗದ ಡ್ರಮ್ಮರ್

ಅವರ ಎಡಗಿವಿಯಲ್ಲಿ ಯಾವಾಗಲೂ ನೂಲಿನ ಉಂಡೆಯೊಂದು ತುರುಕಿರುತ್ತಿತ್ತು. ಆ ವಾರ ನೇಯುವ ಸೀರೆ ಹಸಿರಾದರೆ ಉಂಡೆಯೂ ಹಸಿರು, ಕೆಂಪಾದರೆ ಕೆಂಪು. ಮಗ್ಗದ ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳುವವರು ಎರಡನ್ನೂ ಮುಚ್ಚಿಕೊಳ್ಳುತ್ತಾರೆ. ಇವರು ಬಲಗಿವಿಯನ್ನು ಖಾಲಿ ಬಿಡುತ್ತಿದ್ದರು. ಯಾಕೆಂದು ನಾನು ಮೂರು ವರ್ಷ ಕೇಳಲೇ ಇಲ್ಲ.

ಅವರು ನನ್ನ ಮನೆ ಮಾಲೀಕರು. ಬನಹಟ್ಟಿಯ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದಾಗ ಅವರ ಮಾಳಿಗೆಯ ಕೋಣೆ ಹಿಡಿದೆ. ಕೆಳಗೆ ನಾಲ್ಕು ಪವರ್‌ಲೂಮ್ ಮತ್ತು ಅವರು, ಮೇಲೆ ನಾನು. ನಾನು ಕಾಕಾ ಎನ್ನುತ್ತಿದ್ದೆ, ಅವರು ಅಕ್ಕಾರ ಎನ್ನುತ್ತಿದ್ದರು. ಮದುವೆಯ ಮಾತು ತೆಗೆದರೆ "ಅದಕ್ಕೂ ತಡ ಆತ್ರಿ ಅಕ್ಕಾರ" ಎಂದು ನಗುತ್ತಿದ್ದರು. ಅವರನ್ನು ಏಕವಚನದಲ್ಲಿ ಕರೆಯುವವನು ಒಬ್ಬನೇ: ಮಗ್ಗ ರಿಪೇರಿ ಮಾಡುವ ಜಾಬರಣ್ಣ. ದಿನಾ ಸಂಜೆ ಬಂದು, ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಇವರನ್ನು ಮನಸಾರೆ ಬೈದು ಹೋಗುತ್ತಿದ್ದ. ನನಗಂತೂ ಆ ಊರಿನಲ್ಲಿ ಕಾಕಾ ಬಿಟ್ಟರೆ ಯಾರೂ ಇರಲಿಲ್ಲ.

ಕಾಕಾ ಓದುತ್ತಿದ್ದದ್ದು ಒಂದೇ ಕಾದಂಬರಿ. ಜಮಖಂಡಿಯ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು. ಮುಖಪುಟ ಹರಿದು ಬರೆದವರ ಹೆಸರೂ ಅದರ ಜೊತೆಗೇ ಹೋಗಿತ್ತು. ಯಾವುದೋ ಬಂದರಿನ ಊರಿನಲ್ಲಿ ನಾಲ್ವರು ಸೇರಿ ಕಟ್ಟಿದ ರಾಕ್ ಬ್ಯಾಂಡಿನ ಕಥೆ. ರಾಕ್ ಸಂಗೀತವನ್ನು ಅವರು ಜನ್ಮದಲ್ಲಿ ಕೇಳಿದವರಲ್ಲ. ಆದರೂ ಕರೆಂಟು ಹೋಗಿ ಮಗ್ಗ ನಿಂತವೆಂದರೆ, ಓಣಿಯೆಲ್ಲ ಶಾಪ ಹಾಕುವ ಹೊತ್ತಿನಲ್ಲಿ ಇವರು ಬಾಗಿಲ ಬೆಳಕಿಗೆ ಕೂತು ಖುಷಿಯಿಂದ ಆ ಪುಸ್ತಕ ತೆಗೆಯುತ್ತಿದ್ದರು. ಒಮ್ಮೆ ಮೊಬೈಲಿನಲ್ಲಿ ರಾಕ್ ಹಾಡೊಂದನ್ನು ಹಾಕಿ ಕೇಳಿಸಿದೆ. ಅರ್ಧಕ್ಕೇ ಕೈಯೆತ್ತಿ ನಿಲ್ಲಿಸಿದರು.

"ಇವ್ರು ಭಾಳ ಅವಸರ ಮಾಡ್ತಾರ್ರಿ. ನಮ್ಮ ಬ್ಯಾಂಡಿನವ್ರು ಹಿಂಗ ಬಾರಸಂಗಿಲ್ಲ."

ಪುಸ್ತಕವನ್ನು ನನಗೂ ಕೊಟ್ಟರು. "ಕನ್ನಡಾ ಕಲಸೋರು ನೀವು. ಓದಿ ಹೇಳ್ರಿ." ಇಪ್ಪತ್ತು ಪುಟ ಓದಿ ದಿಂಬಿನ ಪಕ್ಕ ಇಟ್ಟೆ. ತಿಂಗಳಾದ ಮೇಲೆ ಹಿಂದಿರುಗಿಸುತ್ತ, "ಓದಿದೆ ಕಾಕಾ, ಭಾಳ ಛಲೋ ಐತಿ" ಎಂದೆ. ಹೋಂವರ್ಕ್ ಮಾಡದ ಮಕ್ಕಳ ಸುಳ್ಳನ್ನು ದಿನಾ ಹಿಡಿಯುವವಳು ನಾನು.

ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ನಾಲ್ಕನೆಯ ಮಗ್ಗದ ಹತ್ತಿರ ಕರೆದೊಯ್ದು ಚಾಲೂ ಮಾಡಿದರು. "ಕೇಳ್ರಿ. ಯಾರ ನೆನಪ ಬರ್ತೈತಿ? ಪುಸ್ತಕದಾಗಿನ ಅಂವನ ಹಂಗ ಇಲ್ಲೇನ್ರಿ?" ನನಗೆ ಕೇಳಿಸಿದ್ದು ಕುಂಟುವ ಮಗ್ಗ. ಉಳಿದ ಮೂರೂ ಒಂದೇ ಸಮ ಬಡಿದರೆ ಇದು ಪ್ರತಿ ಸಲ ತುಸು ತಡೆದು ಬಡಿಯುತ್ತಿತ್ತು. "ಹೌದ್ರಿ ಕಾಕಾ, ಖರೆ ಹಂಗೇ ಐತಿ" ಎಂದುಬಿಟ್ಟೆ. "ಮತ್ತ ಯಾರ ಮುಂದೂ ಹೇಳಬ್ಯಾಡ್ರಿ, ಹುಚ್ಚ ಅಂತಾರ" ಎಂದು ಅವರು ಹುಡುಗನಂತೆ ನಾಚಿದರು.

ಆ ಮಗ್ಗಕ್ಕಾಗಿ ಗೆಳೆಯರಿಬ್ಬರಿಗೂ ನಿತ್ಯ ಜಗಳ. "ಸೀರ್ಯಾಗ ಗೆರಿ ಬೀಳಾಕತ್ತಾವಲೇ, ಅರ್ಧ ತಾಸಿನ ಕೆಲಸ" ಎಂದು ಜಾಬರಣ್ಣ. "ಕೈ ಹಚ್ಚಿದ್ರ ನೋಡು" ಎಂದು ಕಾಕಾ. ಇದು ಜಿಪುಣತನ ಎಂದು ನಾನು ತಿಳಿದಿದ್ದೆ.

ಕಣ್ಣಿನ ಸಣ್ಣ ಆಪರೇಷನ್ನಿಗೆಂದು ಕಾಕಾ ಎರಡು ದಿನ ಜಮಖಂಡಿಗೆ ಹೋದರು. ಜ್ವರ ಬಂದಾಗ ನನಗೆ ಗಂಜಿ ಕಾಯಿಸಿ ಮೇಲೆ ತಂದುಕೊಟ್ಟ ಮನುಷ್ಯ. ಅವರಿಗೆ ಏನಾದರೂ ಮಾಡಬೇಕೆಂಬ ಹುಕಿ ನನಗೆ. ಜಾಬರಣ್ಣನನ್ನು ಕರೆದು, "ಕಾಕಾ ಹೇಳ್ಯಾರ, ನಾಲ್ಕನೇ ಮಗ್ಗ ರಿಪೇರಿ ಮಾಡಬೇಕಂತ" ಎಂದೆ. "ಕಡೀಕ ಬುದ್ಧಿ ಬಂತಲ್ಲ ಅವಂಗ!" ಎಂದು ಅವನು ಹಿಗ್ಗಿನಿಂದ ಬಂದು, ಸವೆದ ಭಾಗ ಬದಲಿಸಿ ಹೋದ.

ಕಾಕಾ ಬಂದು ಬಟನ್ ಒತ್ತಿದರು. ನಾಲ್ಕೂ ಮಗ್ಗ ಒಂದೇ ಸಮ ಬಡಿದವು. ತಲೆ ವಾಲಿಸಿ ಬಹಳ ಹೊತ್ತು ನಿಂತರು. ಆಮೇಲೆ ಪಾನಾ ತಂದು ಬೋಲ್ಟು ಸಡಿಲಿಸಿ ನೋಡಿದರು. ಒಮ್ಮೆ ಮಗ್ಗ ನಿಂತಿತು, ಒಮ್ಮೆ ನೂಲು ಹರಿಯಿತು, ಆ ಹಳೆಯ ನಡೆ ಮಾತ್ರ ಬರಲಿಲ್ಲ.

"ಕೆಟ್ಟದ್ದನ್ನ ಛಲೋ ಮಾಡಬೋದ್ರಿ ಅಕ್ಕಾರ. ಛಲೋ ಆದದ್ದನ್ನ ಮೊದಲಿನಂಗ ಕೆಡಸಾಕ ಬರಂಗಿಲ್ಲ."

ಯಾರ ಕೆಲಸವೆಂದು ನನ್ನನ್ನು ಕೇಳಲೇ ಇಲ್ಲ. ಕಾದಂಬರಿ ಓದಿದವಳು ಹಾಗೆ ಮಾಡುವುದುಂಟೆ? ಜಾಬರಣ್ಣನೇ ಹೇಳದೆ ಕೈ ಹಚ್ಚಿದನೆಂದು ಅವರು ತಿಳಿದಂತಿತ್ತು. ಇನ್ನೊಮ್ಮೆ ಓದುತ್ತೇನೆಂದು ಪುಸ್ತಕ ಕೇಳಿದೆ. "ನೀವ ಇಟ್ಕೊರಿ" ಎಂದರು. ಎರಡು ದಿನ ಕೂತು ಕೊನೆಯವರೆಗೂ ಓದಿದೆ. ಆ ಬ್ಯಾಂಡಿನ ಡ್ರಮ್ಮರ್ ಒಂಟಿ ಮನುಷ್ಯ, ಪ್ರತಿ ಹಾಡಿನಲ್ಲೂ ಅರ್ಧ ಬಡಿತ ತಡವಾಗಿ ಬರುವವನು. ಉಳಿದವರು ಅವನನ್ನು ಕಳಿಸಿ, ತಪ್ಪದೆ ಬಾರಿಸುವ ಒಬ್ಬನನ್ನು ತರುತ್ತಾರೆ. ಹಾಡುಗಳೆಲ್ಲ ಸರಿಯಾಗುತ್ತವೆ, ಕೇಳಲು ಬಂದವರು ಎದ್ದು ಹೋಗುತ್ತಾರೆ. ಕೆಳಗೆ ನಾಲ್ಕನೆಯ ಮಗ್ಗ ಇದ್ದದ್ದು ಕಾಕಾ ನಿಲ್ಲುತ್ತಿದ್ದ ಜಾಗದ ಬಲಕ್ಕೆ, ಆ ಖಾಲಿ ಕಿವಿಯ ಕಡೆಗೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಆದರೂ ಹೇಳಲಿಲ್ಲ. ಸಂಜೆ ಜಾಬರಣ್ಣ ಬಂದರೆ ಕಾಕಾ ಒಳಗೇ ಉಳಿದರು. ಚಹಾ ಹೊರಗೆ ಬರಲಿಲ್ಲ. ಮೂರು ದಿನ ಬಂದು ಕೂತು ಹೋದ, ಆಮೇಲೆ ಬಿಟ್ಟ. ಮೂವತ್ತು ವರ್ಷದ ಗೆಳೆತನ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಷ್ಟೋ ಸಲ ಅರ್ಧ ಮೆಟ್ಟಿಲು ಇಳಿದು ವಾಪಸು ಹತ್ತಿದೆ. ಹೇಳಿದರೆ ನನಗಿದ್ದ ಒಬ್ಬರೂ ಹೋಗುತ್ತಾರೆಂಬ ಭಯ. ಅವರಿಗಿದ್ದ ಒಬ್ಬನನ್ನು ನಾನೇ ಕಳೆದಿದ್ದೆ.

ಎಂಟು ತಿಂಗಳಿಗೆ ಕಾಕಾ ತೀರಿಕೊಂಡರು. ಮಣ್ಣು ಕೊಟ್ಟು ಬಂದವರೆಲ್ಲ ಚದುರಿದ ಮೇಲೆ ಜಾಬರಣ್ಣ ಕಟ್ಟೆಯ ಮೇಲೆ ಕೂತ.

"ತಾನ ಹೇಳಿ ರಿಪೇರಿ ಮಾಡಸಿದ, ತಾನ ಮಾತ ಬಿಟ್ಟ. ನಾ ಏನ್ ತಪ್ಪ ಮಾಡಿದ್ನಿ ಅಂತ ತಿಳೀಲಿಲ್ರಿ ಅಕ್ಕಾರ."

ಆಗ ಹೇಳಿದೆ. ಓದದೆ ಓದಿದೆನೆಂದದ್ದು, ಅವರ ಹೆಸರು ಹೇಳಿ ಅವನನ್ನು ಕರೆಸಿದ್ದು, ಎಲ್ಲ ಹೇಳಿದೆ. ಅವನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಎದ್ದು ಚಪ್ಪಲಿ ಮೆಟ್ಟಿಕೊಂಡ.

"ಎಂಟ ತಿಂಗಳ ದಿನಾ ಇದ ಓಣ್ಯಾಗ ಹಾದ ಹೋಗೇನ್ರಿ" ಎಂದ. "ಅಂವಾ ಬಾಗಲದಾಗ ಒಬ್ನ ಕುಂತಿರ್ತಿದ್ದ. ನಾ ಮಾರಿ ತಿರುವಿಕೊಂಡ ಹೋಗ್ತಿದ್ನಿ."