ತೋಟದಲ್ಲಿ ಬಿದ್ದ ತಂತಿ

ತೊಂಬತ್ತರ ದಶಕದ ಕೊನೆಯ ಮಾತು. ಶಿಡ್ಲಘಟ್ಟದ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಂದು ಬೆಳಗ್ಗೆ ರೇಷ್ಮೆಹುಳುಗಳಿಗೆ ಸೊಪ್ಪು ತರಲು ಅತ್ತೆಯೂ ನಾನೂ ಹಿಪ್ಪುನೇರಳೆ ತೋಟಕ್ಕೆ ಹೋದೆವು. ಗಾಳಿಗೆ ಕರೆಂಟಿನ ತಂತಿ ಹರಿದು ಸಾಲುಗಳ ನಡುವೆ ಬಿದ್ದಿತ್ತು. ಒದ್ದೆ ಮಣ್ಣಿಗೆ ತಾಗಿದಾಗಲೆಲ್ಲ ಅದರ ತುದಿ ಚಟಚಟ ಎನ್ನುತ್ತಿತ್ತು. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಅತ್ತೆ ಅದನ್ನು ತುಳಿಯುತ್ತಿದ್ದರು.

“ನೀನು ಓಡಮ್ಮ, ಫೋನ್ ಮಾಡು. ಯಾರೂ ಈ ಕಡೆ ಬರದಂಗೆ ನಾನು ನೋಡ್ಕೊಂತೀನಿ,” ಎಂದರು.

ಬಸ್ ನಿಲ್ದಾಣದ ಬೂತಿನಿಂದ ಫೋನ್ ಮಾಡಿದೆ. ಕರೆಂಟ್ ಆಫೀಸಿನವರು ಆಗಷ್ಟೇ ಫೋನಿನಲ್ಲೇ ದೂರು ರೆಕಾರ್ಡ್ ಮಾಡಿಕೊಳ್ಳುವ ಯಂತ್ರ ಹಾಕಿಸಿದ್ದರು. ದೂರಿಗೆ ಒಂದನ್ನು ಒತ್ತಿ ಎಂದಿತು ಅದರ ಹೆಣ್ಣುದನಿ. ಒತ್ತಿದೆ. ಊರು ಹೇಳಿ ಎಂದಿತು, ಹೇಳಿದೆ. “ನಿಮ್ಮ ದೂರು ದಾಖಲಾಗಿದೆ, ಧನ್ಯವಾದ.” ಮತ್ತೆ ಮಾಡಿ, “ಜನ ಸಾಯ್ತಾರೆ, ಯಾರಾದ್ರೂ ಬನ್ರಪ್ಪ!” ಎಂದು ಕೂಗಿದೆ. ಅದು ಮತ್ತೆ ಧನ್ಯವಾದ ಹೇಳಿತು. ರಿಸೀವರ್ ಕುಕ್ಕಿ ಹೊರಬಂದೆ.

ಊರಾಚೆಯ ಸಬ್‌ಸ್ಟೇಷನ್ನಿಗೆ ಓಡಿ, ತೋಟದಲ್ಲಿ ತಂತಿ ಬಿದ್ದಿದೆ, ಫೋನ್ ಮಾಡಿದರೂ ಯಾರೂ ಬಂದಿಲ್ಲ ಎಂದೆ. ಅಲ್ಲಿದ್ದವನು ಪೇಪರಿನಿಂದ ಕಣ್ಣೆತ್ತಿ, “ಫೋನಲ್ಲಿ ಹೇಳಿದೀರಲ್ಲ, ದೂರಿನ ಲಿಸ್ಟ್ ಬರ್ಲಿ,” ಎಂದ.

“ಯಾವಾಗ ಬರ್ತದೆ?”

“ಸಾಯಂಕಾಲ.”

ಅಲ್ಲೇ ಅತ್ತುಬಿಟ್ಟೆ. “ನಮ್ಮತ್ತೆ ಆ ತಂತಿ ಪಕ್ಕದಲ್ಲೇ ನಿಂತವ್ರೆ ಸಾರ್.”

ಅವನು ಪೇಪರ್ ಮಡಚಿಟ್ಟು, ಎದ್ದು ಹೋಗಿ ಲೈನ್ ಆಫ್ ಮಾಡಿದ.

ತೋಟ ಕಣ್ಣಿಗೆ ಬೀಳುವವರೆಗೂ ನಿಲ್ಲದೆ ಓಡಿದೆ. ಅತ್ತೆ ಬದುವಿನ ಮೇಲೆ ಕೋಲು ಹಿಡಿದು, ಸೊಪ್ಪು ಕೊಯ್ಯಲು ಬಂದ ಹೆಂಗಸರನ್ನು ಗದರುತ್ತಾ ನಿಂತಿದ್ದರು. ಲೈನ್ ಆಫಾಗಿದೆ ಎಂದರೂ ನಂಬಲಿಲ್ಲ. ಸಂಜೆ ಲೈನ್‌ಮನ್ ಬಂದು ತಂತಿ ಕಟ್ಟುವವರೆಗೂ ಅವರು ಅಲ್ಲಿಂದ ಕದಲಲಿಲ್ಲ. ನಾನೂ ಅವರ ಸೆರಗು ಬಿಡಲಿಲ್ಲ.