ಪರಮಾಣು ಕಂಡವರು ಯಾರು ಎಂದು ಕೇಳಿದ ಹುಡುಗಿ

"ಸರ, ಈ ಪರಮಾಣು ಯಾರರೆ ಕಣ್ಣಲೆ ನೋಡ್ಯಾರೇನ್ರೀ?" ಎಂದು ಶಾಂತಾ ಕೇಳಿದ್ದೇ ತಡ, ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ಪಾಠ ತಪಾಸಣೆ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಎದ್ದು ನಿಂತರು. "ಕುಂಡ್ರು! ಪುಸ್ತಕದಾಗ ಇದ್ದದ್ದು ಬರಕೊ. ಹೆಣ್ಣಹುಡುಗಿಗೆ ಇಷ್ಟ್ಯಾಕ ಅಧಿಕಪ್ರಸಂಗ?"

ಆಗ ನಮ್ಮ ಭಾಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಜಮಖಂಡಿಯ ಹೈಸ್ಕೂಲೊಂದರಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತಿದ್ದೆ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಶಾಂತಾ ಬನಹಟ್ಟಿಯ ನೇಕಾರರ ಮನೆಯವಳು, ಅಜ್ಜಿಯ ಮನೆಯಲ್ಲಿದ್ದು ಓದುತ್ತಿದ್ದಳು. ಆ ವರ್ಷ ಅವಳು ಕೇಳಿದ ಮೊದಲ ಪ್ರಶ್ನೆ ಅದು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ನನಗೆ ತಡೆಯಲಾಗಲಿಲ್ಲ.

"ಅಕಿ ಕೇಳಿದ್ದು ಬರೋಬರಿ ಐತ್ರೀ ಸಾಹೇಬ್ರ. ಯಾರೂ ನೋಡಿಲ್ಲ. ನೋಡದ್ದನ್ನ ಯಾಕ ನಂಬ್ತೀವಿ ಅನ್ನೂದ ನಾ ಕಲಿಸಬೇಕಾದ ಪಾಠ" ಎಂದೆ.

ಸಾಹೇಬರು ಹೊರನಡೆದರು. 'ಶಿಕ್ಷಕರು ತರಗತಿಯಲ್ಲಿ ಹರಟೆಗೆ ಉತ್ತೇಜನ ಕೊಡುತ್ತಾರೆ' ಎಂದು ವರದಿಯಲ್ಲಿ ಬರೆದರು. ನನ್ನ ನೌಕರಿ ಕಾಯಂ ಆಗಲಿಲ್ಲ. ಅದೇ ಸಿಟ್ಟಿನಲ್ಲಿ ಪುಣೆಗೆ ಹೋಗಿ ತತ್ವಶಾಸ್ತ್ರ ಓದಿದೆ. ಮುಂದೆ ಕಾಲೇಜಿನಲ್ಲಿ ವಿಜ್ಞಾನದ ತತ್ವಶಾಸ್ತ್ರ ಕಲಿಸಿದೆ. ಕಣ್ಣಿಗೆ ಕಾಣದ್ದನ್ನು ರಸಾಯನಶಾಸ್ತ್ರ ಹೇಗೆ ತಿಳಿಯುತ್ತದೆ ಎಂಬುದರ ಬಗ್ಗೆಯೇ ಬರೆಯುತ್ತ ನಿವೃತ್ತನಾದೆ.

ಅಂದು ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು ಎಂದು ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನಗೇನೋ ಪ್ರೊಫೆಸರ್ ಹುದ್ದೆ ಸಿಕ್ಕಿತು. ಶಾಂತಾ ಮಾತ್ರ ಆಮೇಲೆ, ನಾನು ಅಲ್ಲಿದ್ದಷ್ಟು ದಿನ, ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಡಲಿಲ್ಲ.